ಆರನೇ ಕಿಟಕಿ

ನಿಟುವಳ್ಳಿಯ ಹೊಸ ಮನೆ. ಹಾಲು ಮೂವತ್ತಡಿ ಉದ್ದ.
"ಗೃಹಪ್ರವೇಶಕ್ಕೆ ಉಕ್ಕಿಸಿದ ಹಾಲೇ
ಹರಿದು ಹಿಂಗಾತೇನೋ" ಅಂತ ಕೊಟ್ರಮ್ಮ ನಕ್ಕರೆ
ಆ ನಗು ಮೂಲೆ ಮುಟ್ಟಿ ಮತ್ತೆ ಬಂತು.

ಸೊಸೆಗೆ ಎಲ್ ಆಕಾರದ ಸೋಫಾ, ಬೂದು ಬಣ್ಣದ್ದು.
ಮಗ ನಾಗಭೂಷಣನಿಗೆ ಗೋಡೆ ತುಂಬ ಟೀವಿ.
ಕ್ರಿಕೆಟ್ಟಿಗೆ ಖಾಲಿ ಬಿಡಿ ಅಂದಳು ಮೊಮ್ಮಗಳು,
ಅವಳದ್ದು ಯಾರೂ ಬರೆದುಕೊಳ್ಳಲಿಲ್ಲ.
ನಾನು, ಟೇಪು ಕೊರಳಿಗೆ ಹಾಕಿಕೊಂಡವನು,
ದಾವಣಗೆರೆ ಬಿಸಿಲಿಗೆ ಆರು ಕಿಟಕಿ ಬರೆದುಕೊಂಡೆ.

ಮಂಡಕ್ಕಿ ಭಟ್ಟಿಯ ಹಿಂದಿನ ಕೋಣೆ ಎಂಟು ಬೈ ಹತ್ತು.
"ಅಲ್ಲಿ ಕೂತಲ್ಲಿಂದ್ಲೇ ಕೈ ಚಾಚಿದ್ರೆ
ಉಪ್ಪು, ದೀಪ, ಕೂಸಿನ ಕಾಲು, ಎಲ್ಲಾ ಸಿಗೋವು.
ಇಲ್ಲಿ ಉಪ್ಪು ತರಾಕ ಆಟೋ ಹಿಡೀಬೇಕು."

ಹದಿನೈದು ದಿನಕ್ಕೆ ಪರದೆ ಹೊತ್ತು ಹೋದೆ.
ಸೋಫಾ ಬಂದಿತ್ತು, ಪ್ಲಾಸ್ಟಿಕ್ ಬಿಚ್ಚಿರಲಿಲ್ಲ.
ಅದಕ್ಕೆ ಬೆನ್ನು ಕೊಟ್ಟು ನೆಲದ ಮೇಲೆ
ಪೇಪರು ಹಾಸಿ, ಖಾರ ಮಂಡಕ್ಕಿ ಸುರುವಿ,
ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತಿದ್ದರು ಐದೂ ಜನ.
ದರ್ಜಿಯ ಕಣ್ಣು ಸುಮ್ಮನಿರುವುದಿಲ್ಲ:
ಎಂಟು ಬೈ ಹತ್ತೂ ಇರಲಿಲ್ಲ.
ಮೆಣಸಿನಕಾಯಿ ಒಂದು ನನ್ನ ಕೈಗೂ ಬಂತು.

ಐದು ಕಿಟಕಿಗೆ ಬಟ್ಟೆ ಇಳಿದ ಮೇಲೆ
ಕೊಟ್ರಮ್ಮ ಕೂಗಿ ನೋಡಿದರು:
"ಏ..."
ಬಟ್ಟೆ ನುಂಗಿತು. ತಿರುಗಿ ಬಂದದ್ದು ಅರ್ಧ.
"ಆರನೇದು ಬ್ಯಾಡ ಬಿಡಪ್ಪ.
ಈ ಮನ್ಯಾಗ ನನ್ನ ಮಾತಿಗೆ
ಹೂಂ ಅಂತಿದ್ದದ್ದು ಅದೊಂದೇ."

ಆ ತುಂಡು ಇನ್ನೂ ನನ್ನ ಅಂಗಡಿಯಲ್ಲಿದೆ.
ದುಡ್ಡು ಮಾತ್ರ ಆರಕ್ಕೂ ಕೊಟ್ಟರು.