ಮೂರನೇ ಗನ್ನು

ಬೈಪಾಸಿನ ಮಗ್ಗುಲಲ್ಲಿ ನನ್ನ ಡ್ಯೂಟಿ,
ರಾತ್ರಿ ಎಂಟರಿಂದ ಬೆಳಗಿನ ಆರು.
ತಗಡಿನ ಮಾಡು, ಪ್ಲಾಸ್ಟಿಕ್ ಕುರ್ಚಿ, ಮೂರು ಗನ್ನು.
ದುರ್ಗದವಳು ಗನ್ನು ಅಂದರೆ
ಹೊರಗಿನವರು ಮದ್ದಿನ ಮನೆ ನೆನೆಯುತ್ತಾರೆ.
ಮೇಲೆ ಕೋಟೆಯಲ್ಲಿ ಬತೇರಿ, ಕೆಳಗೆ ನಮ್ಮಲ್ಲಿ ಬ್ಯಾಟರಿ,
ಇವು ಉಣಿಸುವ ಗನ್ನು ಅಂತ ಬಿಡಿಸಿ ಹೇಳಬೇಕು.

ಎದುರಿಗೆ ಜೋಗಿಮಟ್ಟಿಯ ಸಾಲು,
ಫ್ಯಾನುಗಳ ಕೆಂಪು ದೀಪ.
ಆಷಾಢದ ಗಾಳಿ ಕುರ್ಚಿಯನ್ನೇ ಹೊತ್ತೊಯ್ಯುತ್ತದೆ.
ಆ ಗಾಳಿಯೇ ತಂತಿ ಹಿಡಿದು ಇಳಿದು
ನನ್ನ ಪೆಟ್ಟಿಗೆಯೊಳಗೆ ಗುಂಯ್ ಅನ್ನುತ್ತದೆ
ಅಂದುಕೊಂಡಿದ್ದೆ. ಲೈನ್‌ಮನ್ ಪಾಲಯ್ಯ ನಕ್ಕ:
"ಶರಾವತೀದೋ, ರಾಯಚೂರಿನ ಕಲ್ಲಿದ್ದಲಿಂದೋ,
ಕರೆಂಟಿಗೆ ಊರಿಲ್ಲ ಕಣಮ್ಮ."

ಊರಿಲ್ಲ, ಸರಿ. ಬಾಯಿ ಇದೆಯಲ್ಲ?
ಮೊದಲನೆಯದು ದಪ್ಪ ಕತ್ತಿನದು,
ಹೊಸ ಕಾರುಗಳೆಲ್ಲ ಅದರ ನೆಂಟರು.
ಎರಡನೆಯದು ನಿಧಾನಿ, ಕಚ್ಚಿಸಿ ಮಲಗಿದರೆ ಬೆಳಗಾಗುತ್ತದೆ.
ಮೂರನೆಯದು ಹಳೆಯ ಕಟ್ಟಳೆ,
ಸರ್ಕಾರಿ ಆಫೀಸಿನ ಬಿಳಿ ಕಾರುಗಳ ಕಾಲದ್ದು.
ಕೆಲಸವಿಲ್ಲದ ಒಂದು ರಾತ್ರಿ ಎಣಿಸಿದೆ:
ಹೊಸ ಕಾರಿನ ಬಾಯಲ್ಲಿ ಮೇಲೆ ಏಳು, ಕೆಳಗೆರಡು.
ಹಳೆಯದರಲ್ಲೂ ಒಂಬತ್ತೇ.
ಕೂತ ರೀತಿ ಬೇರೆ, ಅಷ್ಟಕ್ಕೇ
ಒಂದರೊಳಗೊಂದು ಹೋಗದು.

ನಮ್ಮಜ್ಜ ಹೇಳುತ್ತಿದ್ದ,
ಚಳ್ಳಕೆರೆ ರಸ್ತೆಯ ಹೋಟೆಲ್ಲಿನ ಹಿಂದೆ
ಗೂಟಕ್ಕೆ ನೇತಿದ್ದ ಲೋಟ, ಅವನಿಗೇ ಅಂತ.
ಟೀ ಎಲ್ಲರಿಗೂ ಒಂದೇ ಪಾತ್ರೆಯದು.
ಹೋಲಿಕೆ ಸರಿಯಿಲ್ಲ, ಗೊತ್ತು.
ಪಿನ್ನು ಇಂಜಿನಿಯರರ ಲೆಕ್ಕ,
ಆ ಲೋಟ ಯಾವ ಲೆಕ್ಕ?
ಆದರೂ ಕೊಕ್ಕೆಯಲ್ಲಿ ಒಂಟಿ ನೇತಾಡುವುದ ಕಂಡರೆ
ಕೈ ತಾನೇ ಹೋಗಿ ಧೂಳು ಒರೆಸುತ್ತದೆ.

ಮಂಗಳವಾರ ಮಾತ್ರ ಅದಕ್ಕೆ ಕೆಲಸ.
ದಾವಣಗೆರೆಯಿಂದ ದಾದಾಪೀರ್ ಬರುತ್ತಾನೆ,
ಹರಾಜಿನಲ್ಲಿ ಹಿಡಿದ ಬಿಳಿ ಕಾರು,
ಹಿಂದಿನ ಸೀಟು ಕಿತ್ತು ಮಂಡಕ್ಕಿ ಚೀಲ.
ಹಗುರದ ಸರಕು, ಅದಕ್ಕೇ
ಇಲ್ಲಿಯವರೆಗೆ ಉಸಿರು ಹಿಡಿಯುತ್ತದೆ ಆ ಮುದಿ ಬ್ಯಾಟರಿ.
ಫೋನಿನಲ್ಲಿ ನಾಲ್ಕು ಕಂಪನಿಯ ನಾಲ್ಕು ಆಪು,
ಒಂದರಲ್ಲಿ ಮೂವತ್ತೇಳು ರೂಪಾಯಿ
ಸಿಕ್ಕಿಕೊಂಡು ಎರಡು ವರ್ಷ.
"ಪಾಳೇಗಾರ್‍ರ ಕಾಲ ಬಂತು ನೋಡಕ್ಕ,
ಗಡಿ ದಾಟಿದ್ರೆ ನಾಣ್ಯ ನಡೆಯಲ್ಲ."

ನಿನ್ನೆ ಕಂಪನಿಯಿಂದ ಮೆಸೇಜು:
ಮೂರನೆಯದನ್ನು ಬಿಚ್ಚಿಸಿ. ತಿಂಗಳಿಗೆ ಐದು ಸಲವೂ ಬಳಕೆಯಿಲ್ಲ.
ಆ ಜಾಗಕ್ಕೆ ದಪ್ಪ ಕತ್ತಿನದು ಇನ್ನೊಂದು.
ತಪ್ಪೇನಿಲ್ಲ. ಭಾನುವಾರ ಇಲ್ಲಿ ಕಾರುಗಳ ಸಾಲು,
ಮಕ್ಕಳ ಅಳು, ಸರತಿಗೆ ಜಗಳ.
ಎಲ್ಲದಕ್ಕೂ ಒಂದೇ ಬಾಯಿ ಕೊಡಪ್ಪಾ ಅಂತ
ಬೇಡಿಕೊಂಡವಳು ನಾನೇ.

ಇವತ್ತು ನಾನು ಬರುವಷ್ಟರಲ್ಲಿ
ಟೆಕ್ನಿಷಿಯನ್ ಹುಡುಗ ಸ್ಪ್ಯಾನರ್ ತೆಗೆದಿದ್ದ.
ಫೋನು.
"ಓಬಕ್ಕಾ, ಭರಮಸಾಗರ ದಾಟೀನಿ,
ಇಪ್ಪತ್ತೆಂಟೈತೆ. ನಮ್ ಗನ್ ಐತಲ್ಲ?"

ಅಡ್ಡಗಾಳಿ. ಗುಡ್ಡದ ಮೇಲೆ ಫ್ಯಾನುಗಳು
ಹುಚ್ಚು ಹಿಡಿದಂತೆ ತಿರುಗುತ್ತಿದ್ದವು.
ಅಲ್ಲಿ ಹುಟ್ಟಿಸಿದ್ದನ್ನೇ ಗಾಳಿ
ಹೆದ್ದಾರಿಯಲ್ಲಿ ಅವನ ಕೈಯಿಂದ ಕಸಿಯುತ್ತಿತ್ತು,
ಇಪ್ಪತ್ತೇಳು, ಇಪ್ಪತ್ತಾರು.

"ಮೊದಲು ಟೀ ಕುಡಿದು ಬಾರಪ್ಪ" ಅಂದೆ ಹುಡುಗನಿಗೆ.
"ರಸ್ತೆ ಆಚೆಗಿನ ಅಂಗಡೀಲಿ ಚೆನ್ನಾಗಿರ್ತದೆ.
ಬಿಸಿ ಇರ್ತದೆ, ನಿಧಾನ ಕುಡಿ."

ಸ್ಪ್ಯಾನರನ್ನು ಕುರ್ಚಿಯ ಮೇಲಿಟ್ಟು ಹೋದ.

ನಾನು ಅದರ ಮೇಲೆ ಕೂತೆ.