ಹಸಿ ಸ್ಲ್ಯಾಬು

ಮಾಪ್ಸಾದ ಆಸ್ಪತ್ರಿ ಬಾಗಿಲಾಗ ನರ್ಸು
‘ಆಯಿ ಕೋಣ?’ ಅಂದ್ಲು.
ನಾನ, ಅಂತ ಎದ್ದು ನಿಂತೆ.
ನನ್ನ ಕರಿ ಕೂದಲ ನೋಡಿದ್ಲು, ಹೊಟ್ಟಿ ನೋಡಿದ್ಲು,
ಒಳಗ ಮಂಚದ ಮ್ಯಾಲಿನ ನಿಂಬೆವ್ವನ ನೋಡಿ ನಕ್ಕಳು.
ಇಲ್ಲಿ ಆಯಿ ಅಂದ್ರ ಹಡೆದಾಕಿ.
ನಮ್ಮ ಇಂಡಿ ಕಡೆ, ಹಡೆದಾಕೀನ ಹಡೆದಾಕಿ.
ನಾಲ್ವತ್ತೊಂದಕ್ಕ
ನಡುವಿನ ಆ ಪಾವಟಿಗಿ ನಾ ಯಾವಾಗ ಏರಿದೆ?

ಪಾವಟಿಗಿ ಕಟ್ಟೂದು ಗೊತ್ತೈತಿ.
ಪರ್ವರಿಯೊಳಗ ಏಳು ಬಿಲ್ಡಿಂಗಿಗೆ ಬುಟ್ಟಿ ಹೊತ್ತೀನಿ.
ಸ್ಲ್ಯಾಬು ಹಾಕಿದ ಮ್ಯಾಲ ಇಪ್ಪತ್ತೊಂದು ದಿನ ನೀರು ಉಣಸ್ಬೇಕು,
ಗೋಣಿಚೀಲ ಹೊಚ್ಚಬೇಕು,
ಇಲ್ಲಾಂದ್ರ ಬಿರೀತೈತಿ ಅಂತ ಮೇಸ್ತ್ರಿ ದಿನಾ ಬೈತಿದ್ದ.
ನಿಂಬೆವ್ವ ಹುಟ್ಟಿದ ಒಂಬತ್ತನೇ ದಿನ
ನಾ ಆ ನೀರು ಹೊಡಿಯಾಕ ಹೋದೆ.
ನನ್ನ ಮ್ಯಾಲ ಗೋಣಿಚೀಲ ಹೊಚ್ಚಾಕ ಯಾರೂ ಇದ್ದಿಲ್ಲ.
ಬಾಣಂತನ ಅನ್ನೂದು ಅದಕ್ಕ ನನಗ ಕೇಳಿದ ಮಾತು.
ಮಾಡಿದ್ದಲ್ಲ, ಮಾಡಿಸ್ಕೊಂಡಿದ್ದಲ್ಲ.

ಅಂಟಿನ ಉಂಡಿಗೆ ಬೆಲ್ಲ ಎಷ್ಟು, ನೆಗೆಣ್ಣಿಗೆ ಫೋನು ಹಚ್ಚಿದೆ.
‘ನೀನೂ ಹಡೆದಾಕೆಲ್ಲೇನ?’ ಅಂದ್ಲು.
ಸುಮ್ನಾದೆ. ಆಕಿನೂ ಸುಮ್ನಾಗಿ
ಅಚ್ಚೇರು ಅಂದ್ಲು.
‘ನಿನಗ ಬರ್ತೈತೇನವ್ವಾ?’ ಮಗಳು ಕೇಳಿದ್ಲು.
ಬರೂದಿಲ್ಲ ಅಂತ ಹೇಳಾಕ ಮೂರು ದಿನ ಹಿಡೀತು.

ಕ್ಲೊತಿಲ್ದಾಬಾಯಿ ಖೋಲಿಯೊಳಗ
ಗ್ವಾಡಿಗೆ ಮೊಳಿ ಹೊಡಿಯೂ ಹಂಗಿಲ್ಲ.
ಎಷ್ಟು ಮಂದಿ ಸೂರಿನಾಗ ಕೊಂಡಿ ಬಿಟ್ಟು ಸಿಮೆಂಟು ಹೊಯ್ದೀವಿ,
ಫ್ಯಾನಿಗೆ, ಝೂಮರಿಗೆ, ಸಾಯಬರ ಜೋಕಾಲಿಗೆ.
ತೊಟ್ಟಿಲಕ್ಕ ಒಂದಿಲ್ಲ.
ಕಿಟಕಿ ಸರಳಿಗೂ ಮಂಚದ ಕಾಲಿಗೂ ಸೀರಿ ಕಟ್ಟಿದೆ,
ವಾರಿ ಆತು, ಬಿಚ್ಚಿದೆ,
ಮತ್ತ ಕಟ್ಟಿದೆ.

ಇವತ್ತು ಬಚ್ಚಲದಾಗ ಕಾಲು ಚಾಚಿ ಕುಂತೆ.
ಮೊಣಕಾಲಿಂದ ಹಿಮ್ಮಡಿತನಾ ಸಿಮೆಂಟು ತಿಂದ ಚರ್ಮ.
ಕೂಸಿಗೆ ತರಚೀತಂತ
ಮೊದಲ ನನ್ನ ಕಾಲಿಗೆ ಎಣ್ಣಿ ಹಚ್ಚಿಕೊಂಡೆ,
ಬೆರಳಸಂದಿಗೂ.
ಯಾರೂ ಹಚ್ಚಿದ್ದಿಲ್ಲ. ನಾನೂ ಹಚ್ಚಿದ್ದಿಲ್ಲ.
ಎರಡು ಕಾಲಿನ ನಡುವಿನ ಸಂದಿಗೆ
ಕೂಸು ಸರಿಯಾಗಿ ಕುಂತಿತು,
ಅಳತಿ ಹಿಡಿದು ಬಿಟ್ಟಂಗ.
ಕೈ ನಡುಗಿ ಅರ್ಧ ಚರಿಗಿ ನನ್ನ ಮ್ಯಾಲೆ ಬಿತ್ತು.
ಒಳಗಿಂದ ನಿಂಬೆವ್ವ, ‘ಸಾವಕಾಶ ಆಯಿ!’
ಯಾರಿಗೆ ಕರದ್ಲು ಅಂತ ಒಂದು ಗಳಿಗಿ ಹೊಳ್ಳಿ ನೋಡಿದೆ.

ಐದು ದಿನ ಆತು. ಇನ್ನ ಹದಿನಾರು.
ಕೆಲಸಕ್ಕ ಯಾಕ ಬರಲಿಲ್ಲಂತ
ಕಾಂಟ್ರ್ಯಾಕ್ಟರು ಫೋನು ಮಾಡಿದ್ದ.
ಸ್ಲ್ಯಾಬು ಹಸಿ ಐತ್ರಿ, ಅಂದೆ.