ಕರಾರಿನ ಒಂಬತ್ತನೆಯ ಕಲಮು

ಭಾಂಡುಪಿನ ಆ ಮನೆಗೆ ಹೋದ ದಿನ
ಪೆಡಣೇಕರ್ ಬಾಯಿ ಕನ್ನಡಕ ಏರಿಸಿ
ಕರಾರು ಓದಿ ಹೇಳಿದರು, ಒಂದೊಂದೇ ಕಲಮು.
ಒಂಬತ್ತಕ್ಕೆ ಬಂದಾಗ ದನಿ ತಗ್ಗಿತು,
ಗೋಡೆ ಕೇಳಿಸಿಕೊಂಡೀತು ಅನ್ನುವ ಹಾಗೆ:
ಮೊಳೆ ಹೊಡೆಯಬಾರದು. ಡ್ರಿಲ್ಲಿನ ಹೆಸರೂ ಎತ್ತಬಾರದು.
ಹನ್ನೊಂದು ತಿಂಗಳು.
ತೂತಿಗೆ ಐನೂರು, ಡಿಪಾಜಿಟ್ಟಿನಲ್ಲಿ ಮುರಿದುಕೊಳ್ಳುತ್ತೇನೆ.

ನಮ್ಮ ಹತ್ತಿರ ತೂಗುಹಾಕಲು ಇದ್ದದ್ದಾದರೂ ಏನು?
ಅಂಗೈಯಗಲದ ವೈಫೈ ಡಬ್ಬಿ,
ಗ್ಯಾಸು ಸೋರಿದರೆ ಅರಚುವ ಬಿಳಿ ಬಿಲ್ಲೆ,
ಯಾರಾದರೂ ಹಾದರೆ ತಾನೇ ಹೊತ್ತಿ
ಇಪ್ಪತ್ತು ಎಣಿಸುವಷ್ಟರಲ್ಲಿ ಆರುವ ಪುಟ್ಟ ದೀಪ.
ಯಮನೂರ ಬೇಕರಿಯ ಭಟ್ಟಿ ಮುಗಿಸಿ ನಾಲ್ಕೂವರೆಗೆ ಬರುತ್ತಾನೆ,
ಐದಕ್ಕೆ ನಾನು ರಕ್ತ ತೆಗೆಯುವ ಚೀಲ ಹೆಗಲಿಗೇರಿಸುತ್ತೇನೆ.
ನಮ್ಮ ಸಂಸಾರ ಆ ಅರ್ಧ ಗಂಟೆಯದು;
ದೀಪ ಬೇಕೇ ಇತ್ತು.

ಅಂಗಡಿಯವ ಎರಡೂ ಮುಖಕ್ಕೆ ಅಂಟಿರುವ ಪಟ್ಟಿ ಕೊಟ್ಟ.
ಜುಲೈ ತಿಂಗಳು. ಗೋಡೆ, ಜ್ವರ ಇಳಿದವರ ಹಣೆಯಂತೆ ಒದ್ದೆ.
ಮೊದಲ ರಾತ್ರಿಯೇ, ಎರಡು ಗಂಟೆಗೆ, ಧೊಪ್ಪೆಂದಿತು.
ಕಳ್ಳನೆಂದು ಒಬ್ಬಳೇ ಲಟ್ಟಣಿಗೆ ಹಿಡಿದು ನಿಂತೆ.
ಮೂಲೆಯಲ್ಲಿ ವೈಫೈ ಮಗುಚಿಬಿದ್ದು
ಇನ್ನೂ ಹಸಿರು ಕಣ್ಣು ಮಿಟುಕಿಸುತ್ತಿತ್ತು,
ನಾಚಿಕೆಯಿಲ್ಲದ್ದು.

ಆಮೇಲೆ ತಿಳಿಯಿತು, ಇದು ನನ್ನದೇ ಕಸುಬು.
ಚುಚ್ಚುವ ಮುನ್ನ ತೋಳು ಒರೆಸುವ ಸ್ಪಿರಿಟ್ಟಿನ ಹತ್ತಿಯಿಂದ
ಗೋಡೆ ಒರೆಸಿದೆ.
ಊದಬಾರದು, ತಾನೇ ಆರಬೇಕು.
ಪಟ್ಟಿ ಒತ್ತಿ ಮೂವತ್ತು ಎಣಿಸಿದೆ,
ಸೂಜಿ ತೆಗೆದ ಜಾಗ ಒತ್ತಿ ಹಿಡಿಯುತ್ತೇವಲ್ಲ, ಹಾಗೆ.
ಒಂದು ತಾಸು ಭಾರ ಹೊರಿಸಲಿಲ್ಲ.
ಚುಚ್ಚಿ ಉಣ್ಣುವವಳು
ಚುಚ್ಚದೆ ನಿಲ್ಲಿಸಲು ಕಲಿತೆ.

ನಿಂತಿತು. ದೀಪಾವಳಿ ದಾಟಿತು, ಸಂಕ್ರಾಂತಿ ದಾಟಿತು.
ಬಿಲ್ಲೆ ಒಮ್ಮೆ ಮಾತ್ರ ಅರಚಿತು, ಒಗ್ಗರಣೆಯ ಘಾಟಿಗೆ.
ದೀಪ ಅವನಿಗೆ ಹೊತ್ತಿತು, ನನಗೆ ಹೊತ್ತಿತು,
ಕೆಲವು ರಾತ್ರಿ ಯಾರೂ ಇಲ್ಲದೆಯೂ ಹೊತ್ತಿತು;
ಬೆಕ್ಕು ಅಂದುಕೊಂಡೆ. ನಮ್ಮಲ್ಲಿ ಬೆಕ್ಕಿರಲಿಲ್ಲ.

ಜೂನು. ಬಾಯಿಯ ಮಗನ ಮದುವೆ, ಮನೆ ಬೇಕಂತೆ.
ಅಂಟಿಸುವುದೇನು ಮಹಾ, ಕೀಳುವುದೇ ವಿದ್ಯೆ.
ಎದುರಿಗೆ ಎಳೆಯಬಾರದು.
ಮುಲುಂಡಿನ ಶ್ರಾಫ್ ಅಜ್ಜಿಯ ತೋಳು ನೆನೆದೆ,
ಈರುಳ್ಳಿ ಸಿಪ್ಪೆಯಂಥ ಚರ್ಮ, ಅದರ ಮೇಲಿನ ಟೇಪು.
ಮೈಗೆ ಒರಗಿಸಿಕೊಂಡೇ, ಉದ್ದಕ್ಕೆ, ನಿಧಾನ,
ಮಾತಾಡಿಸುತ್ತ ಎಳೆಯಬೇಕು.
ಪಟ್ಟಿ ಹಿಗ್ಗಿತು, ಶಾವಿಗೆಯಾಯಿತು, ಬಿಟ್ಟಿತು.
ಎರಡು ಹಾಗೆ.
ಮೂರನೆಯದು, ದೀಪದ್ದು,
ಎರಡು ಬೆರಳಗಲ ಬಣ್ಣದ ಸಮೇತ ಕೈಗೆ ಬಂತು.
ಅಡಿಯಲ್ಲಿ ಯಾವ ಕಾಲದ್ದೋ ಹಸಿರು. ಹಸಿರಿನ ನಡುವೆ
ದುಂಡನೆ ಬಿಳಿ ಚುಕ್ಕೆ.
ಸುಣ್ಣವಲ್ಲ, ಸಿಮೆಂಟೂ ಅಲ್ಲ.

ಪೆಡಣೇಕರ್ ಬಾಯಿ ಬಂದರು,
ಎಮ್ಮೆ ಕೊಳ್ಳುವವರು ಬೆನ್ನು ಸವರುವಂತೆ
ಗೋಡೆಗಳ ಮೇಲೆ ಅಂಗೈ ಆಡಿಸುತ್ತ.
ಅಲ್ಲಿಗೆ ಬಂದು ನಿಂತರು. ನಾನು ಐನೂರನ್ನು ಆಗಲೇ ಕಳೆದಿದ್ದೆ.
ಬಗ್ಗಿ ನೋಡಿ, ಚುಕ್ಕೆಯ ಮೇಲೆ ಕಿರುಬೆರಳಿಟ್ಟರು;
ಸರಿಯಾಗಿ ಕೂತಿತು.
‘ಟೂಥ್‌ಪೇಸ್ಟು,’ ಅಂದರು. ‘ನಾನೇ ತುಂಬಿದ್ದು.
ಆಗ ನಾವೂ ಇಲ್ಲಿ ಬಾಡಿಗೆಗೆ.
ರೇಡಿಯೋ ಹಲಗೆಗೆಂದು ಇವರು ಮೊಳೆ ಹೊಡೆದಿದ್ದರು.
ಮಾಲಕ ಬರುವ ಹಿಂದಿನ ರಾತ್ರಿ ಅರ್ಧ ಟ್ಯೂಬು ಖರ್ಚಾಯಿತು.’
ನಕ್ಕರು. ನಾನೂ ನಕ್ಕೆ, ಸ್ವಲ್ಪ ತಡವಾಗಿ.
ಇನ್ನೂರು ಮುರಿದುಕೊಂಡೇ ಉಳಿದದ್ದು ಕೊಟ್ಟರು.
ಮೇಲುಬಣ್ಣಕ್ಕೆ, ಅಂದರು. ತೂತಿಗಲ್ಲ.

ಈಗ ವಿಕ್ರೋಳಿ. ಇಲ್ಲಿ ಅದು ಹದಿಮೂರನೆಯ ಕಲಮು.
ಹತ್ತಿಯಿದೆ, ಸ್ಪಿರಿಟ್ಟಿದೆ, ಪಟ್ಟಿಯೂ ತಂದಿದ್ದೇನೆ.
ಮಳೆ ನಿಂತು ಗೋಡೆ ಒಣಗಲಿ ಎಂದು
ದೀಪವನ್ನು ಸದ್ಯಕ್ಕೆ ನೆಲದ ಮೇಲೆ ಇಟ್ಟಿದ್ದೇನೆ.
ನಾಲ್ಕೂವರೆಗೆ ಹೊತ್ತುತ್ತದೆ:
ಮೊದಲು ಕಾಣುವುದು ಮೈದಾ ಮೆತ್ತಿದ ಕಾಲ್ಬೆರಳು,
ಆಮೇಲೆ, ಅವನು ಕೂತರೆ,
ಮುಖ.